ಹೆಗಲು ತಟ್ಟುವ ಕೈ

ಇದು ನಿಜವಾಗಿಯೂ ನಡೆದದ್ದು. ಬೇಕಾದರೆ ನನ್ನ ಬಲಗೈ ಮೇಲೆ ಆಣೆ ಇಡುತ್ತೇನೆ!

ತೊಂದರೆ ಏನೆಂದರೆ... ಕಥೆ ಶುರುವಾಗುವ ಹೊತ್ತಿಗೆ ಆ ಬಲಗೈ ಒಂದು ಕಪ್ಪು ಕಾರಿನ ಬಾಗಿಲ ಸಂದಿಯಲ್ಲಿತ್ತು.

ಬಾಗಿಲಿನ ಹಿಡಿಕೆ ಗೂಳಿ ಲಾವ್‌ನ ಕೈಯಲ್ಲಿತ್ತು.

ಲಾವ್‌ನನ್ನು ನೀವು ನೋಡಿಲ್ಲ. ಒಳ್ಳೆಯದೇ ಆಯಿತು. ತಲೆ ನೇರವಾಗಿ ಎದೆಗೆ ಅಂಟಿಕೊಂಡಿದೆ. ನಡುವೆ ಕುತ್ತಿಗೆ ಎಂಬ ವಸ್ತುವೇ ಇಲ್ಲ. ಮಕಾವಿನ ಕ್ಯಾಸಿನೊಗಳಲ್ಲಿ ಆಡುವವರಿಗೆ ಸಾಲ ಕೊಡುವುದು ಅವನ ಕಸುಬು. ವಸೂಲಿ ಅವನ ಹವ್ಯಾಸ!

"ಏನೋ ಗಿಳಿ... ಯಾರ ಹೆಗಲು ಅಂತ ನೋಡ್ಕೊಂಡು ತಟ್ಟಿದ್ಯಾ?"

"ಹೆಗಲು ಹೆಗಲೇ ಅಲ್ವಾ ಲಾವಣ್ಣ? ಎಲ್ರಿಗೂ ಕುತ್ತಿಗೆ ಪಕ್ಕದಲ್ಲೇ ಇರುತ್ತೆ. ನಿನ್ನೊಬ್ಬನ್ನ ಬಿಟ್ಟು."

ಬಾಗಿಲು ಒಂದಿಂಚು ಒಳಗೆ ಬಂತು. ಬೆರಳಿಗೆ ಕಬ್ಬಿಣ ತಣ್ಣಗೆ ತಾಗಿತು. ನಾನು ಜೋಕ್ ನಿಲ್ಲಿಸಿದೆ.

ಕ್ಯಾಸಿನೊದ ನೆಲಮಾಳಿಗೆಯ ಕಾರ್ ಪಾರ್ಕ್. ಕ್ಯಾಮೆರಾ ಕಣ್ಣಿಗೆ ಬೀಳದ ಕಂಬದ ಹಿಂದೆ ನಾವು ಮೂವರು. ಮೂರನೆಯವನು ಲಾವ್‌ನ ಆಳು. ಆನೆಯಂಥ ದೇಹ, ಇಲಿಯಂಥ ಬುದ್ಧಿ. ಅವನನ್ನು ಎಲ್ಲರೂ ಕುಂಬಳ ಎಂದೇ ಕರೆಯುತ್ತಾರೆ. ಸಮಯ ಮಧ್ಯಾಹ್ನ ಹನ್ನೆರಡೂ ಕಾಲು. ಮೇಲೆ ಎಲ್ಲೋ ಚೀನೀ ಹೊಸ ವರ್ಷದ ಸಿಂಹ ಕುಣಿತದ ಡೋಲು ಕೇಳುತ್ತಿತ್ತು.

ಲಾವ್ ಬಾಗಿಲನ್ನು ದೂಡಲಿಲ್ಲ. ಹಲ್ಲು ಕಡಿದ. ಮತ್ತೂ ದೂಡಲಿಲ್ಲ.

"ಇವತ್ತು ಮೂರನೇ ದಿನ ಅಂತ ಬದುಕ್ಕೊಂಡೆ ಮಗನೇ!"

ಹೊಸ ವರ್ಷದ ಮೂರನೆಯ ದಿನವನ್ನು ನಮ್ಮಲ್ಲಿ ಕೆಂಪು ಬಾಯಿಯ ದಿನ ಎನ್ನುತ್ತಾರೆ. ಅವತ್ತು ಜಗಳ ಆಡಿದರೆ ವರ್ಷವಿಡೀ ಜಗಳ. ರಕ್ತ ಹರಿದರೆ ವರ್ಷವಿಡೀ ರಕ್ತ. ನೆಂಟರ ಮನೆಗೆ ಹೋಗುವುದಕ್ಕೂ ಜನ ಹೆದರುತ್ತಾರೆ. ಹನ್ನೆರಡು ಜನರ ಮೂಳೆ ಮುರಿದ ಲಾವ್ ಕೂಡ ಹೆದರುತ್ತಾನೆ.

"ನಾಳೆ ನಾಲ್ಕನೇ ದಿನ," ಅಂದ. "ಬೆಳಿಗ್ಗೆ ಹತ್ತಕ್ಕೆ ನಿಮ್ಮನೆಗೆ ಬರ್ತೀನಿ. ಕೈ ರೆಡಿ ಇಟ್ಕೊಂಡಿರು."

"ತಿಂಡಿ ಏನು ಮಾಡಿಸ್ಲಿ?"

"ಕುಂಬಳ! ಇವನನ್ನ ಡಿಕ್ಕಿಗೆ ಹಾಕೋ. ಒಂದು ಗಂಟೆ ಆಗೋ ತನಕ ತೆಗೀಬೇಡ. ಹೊಡೀಬೇಡ. ಬಯ್ಯಬೇಡ. ನಗ್ತಾ ನಗ್ತಾ ಹಾಕು!"

ಕುಂಬಳ ಹಲ್ಲು ಕಿಸಿಯುತ್ತಲೇ ನನ್ನನ್ನು ಮಡಚಿದ. ಡಿಕ್ಕಿ ಮುಚ್ಚಿತು.

ಕತ್ತಲು!

ಕೈಕಾಲು ಮಡಚಿಕೊಂಡು ಮಲಗಿರುವಾಗ ಪರಿಚಯ ಹೇಳಿಬಿಡುತ್ತೇನೆ. ಬೇರೆ ಕೆಲಸವಂತೂ ಇರಲಿಲ್ಲ.

ನನ್ನ ಹೆಸರು ಕುವೊಕ್ ಚಿ ಮನ್. ಹದಿನಾಲ್ಕು ವರ್ಷ ಬ್ಯಾಕರಾ ಎಂಬ ಇಸ್ಪೀಟಾಟದ ಮೇಜಿನಲ್ಲಿ ಡೀಲರ್ ಆಗಿ ಎಲೆ ಹಂಚಿದವನು. ಯಾರ ದನಿಯನ್ನಾದರೂ ಎರಡು ನಿಮಿಷ ಕೇಳಿದರೆ ಮೂರನೆಯ ನಿಮಿಷ ನಾನೇ ಅವರಾಗುತ್ತೇನೆ. ಅದಕ್ಕೇ ಗಿಳಿ ಎಂಬ ಹೆಸರು. ಮ್ಯಾನೇಜರ್ ದನಿಯಲ್ಲಿ ಎಲ್ಲ ಡೀಲರುಗಳಿಗೂ ಒಂದು ದಿನ ರಜೆ ಘೋಷಿಸಿದ್ದಕ್ಕೆ ನನಗೆ ಶಾಶ್ವತ ರಜೆ ಸಿಕ್ಕಿತು.

ಆಮೇಲೆ ಹೊಸ ಕಸುಬು ಹಿಡಿದೆ. ಹೆಗಲು ತಟ್ಟುವುದು!

ನಗಬೇಡಿ. ನಮ್ಮೂರಿನಲ್ಲಿ ಆಟಕ್ಕೆ ಕೂತವನ ಹೆಗಲನ್ನು ಹಿಂದಿನಿಂದ ತಟ್ಟಬಾರದು. ತಟ್ಟಿದರೆ ಅದೃಷ್ಟ ಹೆಗಲಿಂದ ಉದುರಿಹೋಗುತ್ತದೆ. ಅವತ್ತಿಗೆ ಆಟ ಮುಗಿಯಿತು. ಕೋಟ್ಯಧಿಪತಿಯೇ ಆಗಲಿ, ಜೂಜಿನ ಬಿಲ್ಲೆ, ಅಂದರೆ ಚಿಪ್ಸ್, ಬಾಚಿಕೊಂಡು ಎದ್ದು ಹೋಗುತ್ತಾನೆ. ಹೆಂಡತಿ ಅತ್ತರೂ ಏಳದವನು, ಅಮ್ಮ ಸತ್ತರೂ ಏಳದವನು, ನನ್ನ ಬಲಗೈ ಹೆಗಲಿಗೆ ಬಿದ್ದರೆ ಏಳುತ್ತಾನೆ. ಅದಕ್ಕೇ ಊರಿನ ಹೆಂಡತಿಯರ ಫೋನಿನಲ್ಲೆಲ್ಲ ನನ್ನ ನಂಬರ್ ಇದೆ. ನಾನು ಒಳಗೆ ಕಾಲಿಟ್ಟರೆ ಗಂಡಸರು ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಬೇರೆಯವರು ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಗಳಿಸುವ ಮರ್ಯಾದೆ ಅದು!

ನಾನು ಇದನ್ನೆಲ್ಲ ನಂಬುತ್ತೇನಾ? ಛೆ! ಹದಿನಾಲ್ಕು ವರ್ಷ ಎಲೆ ಹಂಚಿದವನು ಸ್ವಾಮಿ ನಾನು.

ಆವತ್ತು ನನ್ನನ್ನು ಕರೆಸಿದವಳು ಮಾಕ್ ಯೊಕ್ ಹಾ. ನನ್ನ ಬಾಯಲ್ಲಿ ಗಿರಾಕಿಗಳೆಲ್ಲ ಅತ್ತಿಗೆಯರೇ. ಕ್ಯಾಸಿನೊ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದಳು. ಮುಂದೆ ಹಾಲಿನ ಟೀ ಆರಿ ಕೆನೆಗಟ್ಟಿತ್ತು. ಬಾದಾಮಿ ಬಿಸ್ಕತ್ತನ್ನು ತಿನ್ನುತ್ತಿರಲಿಲ್ಲ, ಪುಡಿ ಮಾಡುತ್ತಿದ್ದಳು.

"ನನ್ನ ಗಂಡ ಒಳಗಿದಾರೆ ಗಿಳಿ."

"ಸೋಲ್ತಿದಾರಾ ಅತ್ತಿಗೆ?"

"ಅಯ್ಯೋ, ಸೋತಿದ್ರೆ ನಿನ್ಯಾಕೆ ಕರೀತಿದ್ದೆ? ಮೂರು ದಿನದಿಂದ ಗೆಲ್ತಿದಾರೆ! ಹೇಗಾದ್ರೂ ಮಾಡಿ ನಿಲ್ಸಪ್ಪಾ!"

ಇಂಥ ಕೇಸು ನನ್ನ ಕೈಗೆ ಬಂದದ್ದು ಅದೇ ಮೊದಲು.

ಅವಳ ಗಂಡ ಇಯೊಂಗ್ ವೈ ಕಿಟ್. ಮಕಾವಿನಲ್ಲಿ ಈತನ ಮುಖ ಯಾರಿಗೂ ಗೊತ್ತಿಲ್ಲ. ದನಿ ಎಲ್ಲರಿಗೂ ಗೊತ್ತು! ಮೂವತ್ತು ವರ್ಷದಿಂದ ರೇಡಿಯೊದಲ್ಲಿ ಹವಾಮಾನ ಓದುವ ಸರ್ಕಾರಿ ನೌಕರ. ಚಂಡಮಾರುತ ಬಂದಾಗ ಊರಿನ ಛಾವಣಿ ಹಾರುತ್ತಿದ್ದರೂ ಆ ದನಿ ಅಲುಗುವುದಿಲ್ಲ. "ಎಂಟನೇ ನಂಬರ್ ಎಚ್ಚರಿಕೆ ಏರಿಸಲಾಗಿದೆ. ಸಾರ್ವಜನಿಕರು ಮನೆಯಲ್ಲೇ ಇರಬೇಕು..." ಇಸ್ತ್ರಿ ಮಾಡಿದ ದನಿ. ಒಂದು ಸುಕ್ಕಿಲ್ಲ. ನಾನು ಅನುಕರಿಸಲಾರದೆ ಸೋತ ಒಂದೇ ಒಂದು ದನಿ ಅದು. ಮೊಳೆಯೇ ಇಲ್ಲದ ಗೋಡೆಗೆ ಅಂಗಿ ನೇತುಹಾಕುವುದು ಹೇಗೆ?

ಸರ್ಕಾರಿ ನೌಕರರು ನಮ್ಮಲ್ಲಿ ಕ್ಯಾಸಿನೊಗೆ ಕಾಲಿಡುವಂತಿಲ್ಲ. ಕಾನೂನು! ಹೊಸ ವರ್ಷದ ಮೊದಲ ಮೂರು ದಿನ ಮಾತ್ರ ವಿನಾಯಿತಿ. ಬೇರೆ ನೌಕರರು ಆ ಮೂರು ದಿನ ಕಟ್ಟು ಬಿಚ್ಚಿದ ಕರುಗಳ ಹಾಗೆ ಒಳಗೆ ನುಗ್ಗುತ್ತಾರೆ. ಇಯೊಂಗ್ ಹಾಗಲ್ಲ. ಉಳಿದ ದಿನಗಳಲ್ಲೆಲ್ಲ ಕೂತು ಯೋಜನೆ ಹಾಕಿದ. ನೀಲಿ ನೋಟ್‌ಬುಕ್ಕಿನಲ್ಲಿ ಒಂಬತ್ತು ನಿಯಮ ಬರೆದ. ಕಳೆದುಕೊಂಡರೂ ಊಟಕ್ಕೆ ಕೊರತೆಯಾಗದಷ್ಟು ಮಾತ್ರ ತರಬೇಕು. ಪ್ರತಿ ಸಲವೂ ಒಂದೇ ಮೊತ್ತ ಕಟ್ಟಬೇಕು. ಸೋತದ್ದನ್ನು ಬೆನ್ನಟ್ಟಬಾರದು. ಮದ್ಯ ಬೇಡ, ಮನೆಯಿಂದ ತಂದ ಬಿಸಿನೀರು ಸಾಕು. ತೊಂಬತ್ತು ನಿಮಿಷ ಆದ ಕೂಡಲೇ ಏಳಬೇಕು... ಹೀಗೆ.

ಒಳ್ಳೆಯ ನಿಯಮಗಳು. ಒಂದರಲ್ಲೂ ತಪ್ಪಿಲ್ಲ. ತಪ್ಪು ಇದ್ದದ್ದು ಒಂದೇ ಕಡೆ... ಅವನ್ನು ಪಾಲಿಸಿದರೆ ಗೆಲ್ಲುತ್ತೇನೆ ಎಂದು ನಂಬಿದ್ದರಲ್ಲಿ! ಮೇಜಿನ ಈಚೆ ನಿಂತು ನೋಡಿದ್ದೇನೆ. ನಿಯಮ ಇಲ್ಲದವನು ಬೇಗ ಸೋಲುತ್ತಾನೆ. ನಿಯಮ ಇದ್ದವನು ಶಿಸ್ತಾಗಿ ಸೋಲುತ್ತಾನೆ. ಮೇಲೆ ತೂಗುವ ಗಾಜಿನ ದೀಪಗಳಿಗೆ ಇಬ್ಬರದೂ ಕಾಣಿಕೆ ಇದೆ.

"ಮೂರು ದಿನಕ್ಕೆ ಏನಾಗುತ್ತೆ ಬಿಡಿ ಅತ್ತಿಗೆ," ಅಂದೆ.

"ಮೂರು ದಿನ ಅಲ್ಲಪ್ಪಾ! ಈ ತಿಂಗಳ ಕೊನೆಗೆ ರಿಟೈರ್ ಆಗ್ತಾರೆ. ಆಮೇಲೆ ಯಾವ ಕಾನೂನು ತಡೆಯುತ್ತೆ? ಇವತ್ತು ಒಂದು ಗಂಟೆಗೆ ಗೆದ್ದು ಎದ್ರೆ ಮುಗೀತು. ಮುಂದಿನ ತಿಂಗಳಿಂದ ದಿನಾ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಇದೇ ಆಫೀಸಂತೆ! ಟಿಫಿನ್ ಡಬ್ಬಿ ಬೇರೆ ಕೊಂಡ್ಕೊಂಡಿದಾರೆ. ಮೂವತ್ತು ವರ್ಷ ಮಳೆ ಅಳೆದ್ರು. ಇನ್ನು ಮನೆ ಅಳೆದು ಮಾರ್ತಾರೆ."

"ಸೋತ್ರೆ?"

"ಸೋತ್ರೂ ಬಿಡೋ ಜಾತಿ ಅಲ್ಲ. ಒಂದೇ ದಾರಿ. ಹಬ್ಬದ ಹಿಂದಿನ ದಿನ ಹಿರಿಯರ ಪಟದ ಮುಂದೆ ಧೂಪ ಹಚ್ಚಿ ನನಗೆ ಮಾತು ಕೊಟ್ಟಿದಾರೆ... ಒಂಬತ್ತರಲ್ಲಿ ಒಂದು ನಿಯಮ ಮುರಿದ್ರೂ ಮತ್ತೆ ಈ ಕಡೆ ತಲೆ ಹಾಕಲ್ಲ ಅಂತ. ಮಾತಿಗೆ ತಪ್ಪೋರಲ್ಲ. ಅದೇ ಕಷ್ಟ!"

"ಯಾವ ನಿಯಮ ಸುಲಭವಾಗಿ ಮುರಿಯುತ್ತೆ?"

ಅವಳು ಬಿಸ್ಕತ್ತಿನ ಪುಡಿಯನ್ನು ನೋಡುತ್ತಾ ಹೇಳಿದಳು. "ಏಳನೇದು. ಮೇಜಿನ ಮುಂದೆ ಅಳಬಾರದು, ಕಿರುಚಬಾರದು, ನಗಬಾರದು."

"ನಗಿಸಿಬಿಟ್ರೆ?"

"ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು," ಅಂದಳು. "ಆ ಮನುಷ್ಯ ಗಟ್ಟಿಯಾಗಿ ನಕ್ಕಿದ್ದನ್ನ ನಾನು ನೋಡಿಲ್ಲ ಗಿಳಿ."

ಅದು ದೂರಿನಂತೆ ಕೇಳಲಿಲ್ಲ. ಬೇರೆ ಏನೋ ಇತ್ತು. ನಾನು ಒಪ್ಪಿಕೊಂಡೆ.

ಆದರೂ ಮೊದಲು ಹಳೆಯ ಆಯುಧವನ್ನೇ ಪ್ರಯೋಗಿಸಿದೆ. ಇಯೊಂಗ್ ಹನ್ನೊಂದೂವರೆಗೆ ಆಟಕ್ಕೆ ಕೂತ. ಹನ್ನೊಂದು ನಲವತ್ತಕ್ಕೆ ಹಿಂದಿನಿಂದ ಹೋಗಿ ತಟ್ಟಿದೆ.

ಅವನು ತಿರುಗಿದ. ಕನ್ನಡಕ ಸರಿ ಮಾಡಿಕೊಂಡ.

"ತಟ್ಟುವುದರಿಂದ ಸಂಭವನೀಯತೆ ಬದಲಾಗುವುದಿಲ್ಲ," ರೇಡಿಯೊ ಹೇಳಿತು.

ನೋಟ್‌ಬುಕ್ ತೆಗೆದು ಏನೋ ಗೀಚಿದ. ಬಗ್ಗಿ ಓದಿದೆ. 'ಹೆಗಲು ತಟ್ಟಲಾಯಿತು. 11.40.' ಆಮೇಲೆ ಸತತ ಮೂರು ಆಟ ಗೆದ್ದ!

ನಾನು ತಟ್ಟಿದ್ದನ್ನು ಪಕ್ಕದಲ್ಲಿದ್ದ ಲಾವ್ ನೋಡಿಬಿಟ್ಟ. ಅವನ ಲೆಕ್ಕಾಚಾರ ಬೇರೆಯೇ ಇತ್ತು. ಮುಂದಿನ ತಿಂಗಳು ಇಯೊಂಗ್‌ನ ನಿವೃತ್ತಿ ಹಣ ಒಟ್ಟಿಗೆ ಬರುತ್ತದೆ. ಅದಕ್ಕೇ ಮೂರು ದಿನದಿಂದ 'ಗುರುಗಳೇ, ಗುರುಗಳೇ' ಎಂದು ಪಕ್ಕದಲ್ಲೇ ಕೂತು, ಅವನು ಕಟ್ಟಿದ ಕಡೆಗೇ ತಾನೂ ಕಟ್ಟಿ, ಅವನಿಗೆ ಬಿಸಿನೀರು ಬಗ್ಗಿಸಿಕೊಡುತ್ತಿದ್ದ. ಕೊಬ್ಬಿಸುತ್ತಿದ್ದ ಹಂದಿಯ ಹೆಗಲ ಮೇಲೆ ನಾನು ಕೈ ಹಾಕಿದ್ದೆ!

ಹಾಗಾಗಿ ಡಿಕ್ಕಿ.

ಆ ಕತ್ತಲಲ್ಲಿ ನನಗೊಂದು ವಿಷಯ ಹೊಳೆಯಿತು. ಹೆಗಲು ತಟ್ಟುವುದನ್ನು ನಂಬದವನು... ಅದನ್ನು ಗಂಟೆ ನಿಮಿಷದ ಸಮೇತ ಬರೆದುಕೊಂಡದ್ದು ಯಾಕೆ?

ಗೋಡೆಯಲ್ಲಿ ಎಲ್ಲೋ ಒಂದು ಮೊಳೆ ಇದೆ!

ಮೊದಲು ಹೊರಗೆ ಬರಬೇಕು. ಗಂಟಲು ಸರಿ ಮಾಡಿಕೊಂಡೆ. ಎದೆಯೊಳಗಿಂದ ದನಿ ಎಳೆದೆ. ಗೂಳಿಯ ದನಿ.

"ಏಯ್ ಕುಂಬಳಾ! ಮುಠ್ಠಾಳ! ನನ್ನನ್ನೇ ಒಳಗೆ ಹಾಕಿದೀಯೇನೋ!"

ಹೊರಗೆ ಬೂಟು ಸರಿದ ಸದ್ದು.

"ಲಾ... ಲಾವಣ್ಣ? ನೀವು ಈಗ್ತಾನೆ ಮೇಲೆ ಹೋದ್ರಲ್ಲ?"

"ಮೇಲೆ ಹೋಗಿದ್ದು ಗಿಳಿ ಕಣೋ! ನನ್ನ ಥರ ಮಿಮಿಕ್ರಿ ಮಾಡ್ಕೊಂಡು ಹೋದ! ತೆಗಿಯೋ!"

ಈ ಸುಳ್ಳಿಗೆ ತಲೆಯೂ ಇರಲಿಲ್ಲ, ಬುಡವೂ ಇರಲಿಲ್ಲ. ಕುಂಬಳನಿಗೆ ಎರಡೂ ಬೇಕಾಗಿರಲಿಲ್ಲ.

ಡಿಕ್ಕಿ ತೆರೆಯಿತು. ಬೆಳಕು!

"ಅಯ್ಯೋ! ಗಿಳಿ!" ಎಂದ.

"ಹೊಸ ವರ್ಷದ ಶುಭಾಶಯ!" ಎಂದು ಅವನ ಹೆಗಲು ತಟ್ಟಿ ಓಡಿದೆ.

ಮೆಟ್ಟಿಲು ಹತ್ತಿದೆ. ಹಿಂದೆ ಕುಂಬಳನ ಬೂಟು ದಬದಬ. ಅವನು ಫೋನಿನಲ್ಲಿ ಅರಚಿದ್ದಕ್ಕೆ ಇನ್ನಿಬ್ಬರು ಸೇರಿಕೊಂಡರು. ಬೀದಿಗೆ ಬಿದ್ದೆ. ಎದುರಿಗೆ ಕ್ಯಾಸಿನೊದ ಮುಖ್ಯ ಬಾಗಿಲು. ಎರಡು ಆಳೆತ್ತರ, ಚಿನ್ನದ ಬಣ್ಣ, ಹಬ್ಬದ ಕೆಂಪು ದೀಪ.

ನೇರ ಒಳಗೆ ನುಗ್ಗಿದೆ.

ಹಿಂದೆ ತಿರುಗಿ ನೋಡಿದರೆ... ಮೂವರೂ ಹೊಸ್ತಿಲಿಗೆ ಎರಡು ಗಜ ಹಿಂದೆ ಬ್ರೇಕ್ ಹಾಕಿ ನಿಂತಿದ್ದಾರೆ!

ಯಾಕೆಂದರೆ ಆಡುವವರು ಯಾರೂ ಮುಖ್ಯ ಬಾಗಿಲಿನಿಂದ ಬರುವುದಿಲ್ಲ. ಅದು ಹುಲಿಯ ಬಾಯಿ. ಹೋದವನನ್ನು ಚೀಪಿ ಉಗಿಯುತ್ತದೆ ಎಂದು ನಂಬಿಕೆ.

"ಪಕ್ಕದ ಬಾಗಿಲಿಂದ ಬನ್ರೋ!" ಕುಂಬಳ ಕೂಗಿದ.

ಪಕ್ಕದ ಬಾಗಿಲಿಗೆ ಇಡೀ ಕಟ್ಟಡ ಸುತ್ತಬೇಕು. ಹಬ್ಬದ ಜನಜಂಗುಳಿ ಬೇರೆ. ನನಗೆ ಹತ್ತು ನಿಮಿಷ ಸಿಕ್ಕಿತು!

ಹನ್ನೆರಡು ಮೂವತ್ತೆಂಟು. ಮೇಜು ಹದಿನೇಳು.

ಇಯೊಂಗ್ ಬೂದು ಕೋಟಿನಲ್ಲಿ ಕೂತಿದ್ದ. ಮುಂದೆ ಚಿಪ್ಸ್ ಗೋಪುರ. ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು, ನೀಲಿ ನೋಟ್‌ಬುಕ್ಕು, ಕೈಗಡಿಯಾರ. ಅವನ ಬಲಕ್ಕೆ ಲಾವ್. ಹಿಂದೆ ಮೂವತ್ತು ಜನ ಭಕ್ತರು. ಇಯೊಂಗ್ ಕೆಮ್ಮಿದರೂ ಅದು ಯಾವ ಕಡೆಗೆ ಕೆಮ್ಮು ಎಂದು ನೋಡಿ ದುಡ್ಡು ಕಟ್ಟುವವರು.

ನಾನು ಎದುರಿನ ಖಾಲಿ ಸೀಟಿನಲ್ಲಿ ಕೂತೆ.

ಲಾವ್‌ನ ಕಣ್ಣು ಹೊರಗೆ ಬಂತು. ಬಾಯಿ ಮಾತ್ರ ನಗುತ್ತಲೇ ಇತ್ತು. ಸುತ್ತ ಕ್ಯಾಮೆರಾ, ಕೆಂಪು ಬಾಯಿಯ ದಿನ ಬೇರೆ. ಬಗ್ಗಿ ಪಿಸುಗುಟ್ಟಿದ. "ನಾಳೆ ಹತ್ತಕ್ಕೆ ಅಂದಿದ್ನಲ್ಲ... ಒಂಬತ್ತಕ್ಕೇ ಬರ್ತೀನಿ ಕಣೋ."

"ಬೆಳಗಿನ ಚಳಿ ಲಾವಣ್ಣ. ಮಫ್ಲರ್ ಹಾಕ್ಕೊಂಡು ಬಾ. ಎಲ್ಲಿಗೆ ಸುತ್ಕೋತೀಯೋ, ಅದು ನಿನಗೆ ಬಿಟ್ಟಿದ್ದು."

ಡೀಲರ್ ಎಲೆ ಹಂಚಿದಳು. ನಾನು ಅಂಗಡಿ ತೆರೆದೆ.

ಮೊದಲು ಎಲೆಯನ್ನು ಬಯ್ಯುವ ಮುದುಕಿಯಾದೆ. "ಬಾರೇ ಒಂಬತ್ತು! ಎಲ್ಲಿ ಹಾಳಾಗಿ ಹೋಗಿದ್ಯೇ! ಸೊಸೆ ಬಂದ್ಮೇಲೆ ನೀನೂ ಕೆಟ್ಟುಹೋದೆ!" ಆಮೇಲೆ ಎಲೆಗೆ ಪೂಸಿ ಹೊಡೆಯುವ ಶ್ರೀಮಂತನಾದೆ. "ಚಿನ್ನಾ, ಇದೊಂದು ಸಲ ಎಂಟಾಗಿ ಬಂದುಬಿಡು, ನಿನಗೆ ಫ್ಲಾಟ್ ಕೊಡಿಸ್ತೀನಿ..." ಮೂವತ್ತು ಭಕ್ತರು ಹೊಟ್ಟೆ ಹಿಡಿದುಕೊಂಡರು. ಡೀಲರ್ ಹುಡುಗಿ ತುಟಿ ಕಚ್ಚಿಕೊಂಡಳು. ನನ್ನ ಹಳೆಯ ಸಹೋದ್ಯೋಗಿ, ಪಾಪ.

ಇಯೊಂಗ್ ಬಿಸಿನೀರು ಕುಡಿದ.

ಹನ್ನೆರಡು ನಲವತ್ತೇಳು. ಹಿಂದೆ ರೇಡಿಯೊದಲ್ಲಿ ಕೇಳಿದ್ದ ಅವನ ಹಳೆಯ ಡೈರೆಕ್ಟರ್ ಆದೆ. ಉಬ್ಬಸದ ದನಿ. "ಇಯೊಂಗ್... ಹೂಂ... ಮಳೆ ಫೈಲು ಒದ್ದೆಯಾಗಿದೆಯಲ್ಲಾ... ಹೂಂ..."

ಇಯೊಂಗ್ ನನ್ನನ್ನು ನೋಡಿದ. "ಡೈರೆಕ್ಟರ್ ಸಾಹೇಬರು ಉಸಿರು ಒಳಗೆ ಎಳೆದುಕೊಳ್ಳುವಾಗ ಉಬ್ಬಸ ಪಡುತ್ತಿದ್ದರು. ಹೊರಗೆ ಬಿಡುವಾಗ ಅಲ್ಲ."

ತಿದ್ದಿದ ಮನುಷ್ಯ! ನನ್ನನ್ನು!

ಕುಂಬಳನ ಪಟಾಲಂ ಒಳಗೆ ಬಂತು. ನನ್ನ ಬೆನ್ನ ಹಿಂದೆ ಗೋಡೆಯ ಹಾಗೆ ನಿಂತಿತು. ಸೀಟಿನಿಂದ ಎದ್ದರೆ ಮತ್ತೆ ಡಿಕ್ಕಿ.

ಹನ್ನೆರಡು ಐವತ್ತಮೂರು. ಇಯೊಂಗ್ ಗಡಿಯಾರ ನೋಡಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ. ಇನ್ನೊಂದೇ ಆಟ. ಆಮೇಲೆ ನಿಯಮದ ಪ್ರಕಾರ ಏಳುತ್ತಾನೆ. ಗೆದ್ದವನಾಗಿ ಏಳುತ್ತಾನೆ. ಹೊರಗೆ ಅತ್ತಿಗೆ ಇನ್ನೊಂದು ಬಿಸ್ಕತ್ತು ಪುಡಿ ಮಾಡುತ್ತಿರುತ್ತಾಳೆ. ಮುಂದಿನ ತಿಂಗಳಿಂದ ಟಿಫಿನ್ ಡಬ್ಬಿ.

"ಕೊನೆಯ ಆಟ. ಬ್ಯಾಂಕರ್," ಅಂದ ಇಯೊಂಗ್. ಯಾವತ್ತಿನ ಮೊತ್ತ, ಯಾವತ್ತಿನ ದನಿ.

"ಗುರುಗಳ ಕೊನೆಯ ಆಟ!" ಲಾವ್ ತನ್ನ ಮುಂದಿದ್ದ ಚಿಪ್ಸನ್ನೆಲ್ಲ ದೂಡಿದ. "ಎಲ್ಲಾ ಬ್ಯಾಂಕರ್!"

ಆಟ ಸುಲಭ. ಎರಡು ಕಡೆ. ಬ್ಯಾಂಕರ್, ಪ್ಲೇಯರ್. ಎಲೆಗಳ ಚುಕ್ಕಿ ಕೂಡಿಸಿದಾಗ ಒಂಬತ್ತಕ್ಕೆ ಹತ್ತಿರ ಬಂದ ಕಡೆ ಗೆಲ್ಲುತ್ತದೆ. ಹತ್ತು ಆದರೆ ಸೊನ್ನೆ. ಪ್ಲೇಯರ್ ಕಡೆ ಏಳು ಬಂತು. ಬ್ಯಾಂಕರ್ ಕಡೆ ಒಬ್ಬ ರಾಜ, ಒಂದು ಐದು. ರಾಜನಿಗೆ ನಮ್ಮ ಆಟದಲ್ಲಿ ಬೆಲೆ ಇಲ್ಲ. ಅಲ್ಲಿಗೆ ಬರೀ ಐದು. ಇನ್ನೊಂದು ಎಲೆ ಬರಬೇಕು.

ಹೆಚ್ಚು ಕಟ್ಟಿದವನೇ ಎಲೆ ತೆರೆಯುವುದು ರೂಢಿ. ಡೀಲರ್ ಎಲೆಯನ್ನು ಲಾವ್‌ನ ಮುಂದೆ ಸರಿಸಿದಳು.

ಲಾವ್ ಮುಖ ಮೇಜಿಗೆ ಅಂಟಿಸಿದ. ಎರಡೂ ಹೆಬ್ಬೆರಳಿನಿಂದ ಎಲೆಯ ಉದ್ದದ ಅಂಚನ್ನು ಕೂದಲೆಳೆಯಷ್ಟು ಮಡಚಿದ.

"ಎರಡು ಚುಕ್ಕಿ!" ಕಿರುಚಿದ.

ಭಕ್ತರು ಉಸಿರು ಹಿಡಿದರು. ಅಂಚಿನಲ್ಲಿ ಎರಡು ಚುಕ್ಕಿ ಎಂದರೆ ಎಲೆ ನಾಲ್ಕು ಇರಬಹುದು, ಐದು ಇರಬಹುದು. ನಾಲ್ಕಾದರೆ ಒಂಬತ್ತು, ಗೆಲುವು! ಐದಾದರೆ ಹತ್ತು, ಸೊನ್ನೆ, ಸರ್ವನಾಶ! ವ್ಯತ್ಯಾಸ ನಟ್ಟನಡುವಿನ ಒಂದೇ ಒಂದು ಚುಕ್ಕಿ.

ಆ ಚುಕ್ಕಿಯನ್ನು ಓಡಿಸಲು ನಮ್ಮವರಿಗೆ ಗೊತ್ತಿರುವ ಉಪಾಯ ಒಂದೇ. ಊದುವುದು!

"ಊದ್ರೋ! ಊದ್ರೋ!" ಲಾವ್ ಕೂಗಿದ. "ಫೂ! ಹಾರಿಹೋಗು! ಫೂ!"

ಮೂವತ್ತು ಬಾಯಿ ಒಟ್ಟಿಗೆ ಊದಿದವು. ನನ್ನ ಹಿಂದೆ ಕಾವಲಿದ್ದ ಕುಂಬಳನೂ ಕೆಲಸ ಮರೆತು ಊದಿದ. ನನ್ನ ಕುತ್ತಿಗೆಗೆ ಬೆಳ್ಳುಳ್ಳಿ ವಾಸನೆ.

ಲಾವ್‌ನ ಎರಡೂ ಕೈ ಎಲೆಯ ಮೇಲೆ. ಅಗಲವಾದ ಹೆಗಲು ಖಾಲಿ. ಕಾವಲಿಲ್ಲದ ಬ್ಯಾಂಕಿನ ಹಾಗೆ!

ಸದ್ದಿಲ್ಲದೆ ಸೀಟಿನಿಂದ ಜಾರಿದೆ. ಮೇಜು ಸುತ್ತಿದೆ. ಹಿಂದೆ ನಿಂತೆ.

ತಟ್ಟಿದೆ.

ಒಂದೇ ಸಲ.

ಲಾವ್ ಹೆಪ್ಪುಗಟ್ಟಿದ. ನಿಧಾನ ತಿರುಗಿದ. ಮುಖದಲ್ಲಿ ರಕ್ತವಿಲ್ಲ. "ನೀ... ನೀನು... ತಟ್ಟಿದ್ಯಾ?"

"ಧೂಳಿತ್ತು ಲಾವಣ್ಣ."

"ಊದ್ರೋಓಓ!" ಅವನು ಊಳಿಟ್ಟ. "ಜೋರಾಗಿ ಊದ್ರೋ! ನನ್ನ ಹೆಗಲು ಹೋಯ್ತು!"

ಗಾಳಿ ಎದ್ದಿತು. ಮೇಜಿನ ಮೇಲಿದ್ದ ಟಿಶ್ಯೂ ಪೇಪರ್ ಹಾರಿತು. ಆಗ ನಾನು ನೋಡಿದೆ...

ಇಯೊಂಗ್ ವೈ ಕಿಟ್‌ನ ತುಟಿ!

ದುಂಡಗಾಗಿತ್ತು. ಮುಂದೆ ಬಂದಿತ್ತು. ಕನ್ನಡಕದ ಮೇಲೆ ಮಂಜು ಕವಿದಿತ್ತು. ಮೂವತ್ತು ವರ್ಷ ಗಾಳಿಯನ್ನು ಅಳೆದ ಮನುಷ್ಯ... ಸಂಭವನೀಯತೆ ಬದಲಾಗುವುದಿಲ್ಲ ಎಂದ ಮನುಷ್ಯ... ಇಸ್ಪೀಟಿನ ಚುಕ್ಕಿಯ ಮೇಲೆ ಮೆಲ್ಲಗೆ, ಯಾರಿಗೂ ಕಾಣದ ಹಾಗೆ ಊದುತ್ತಿದ್ದ!

ಫೂ...

ಸಿಕ್ಕಿತು ಮೊಳೆ!

ಅವನ ಕಿವಿಯ ಪಕ್ಕಕ್ಕೆ ಬಗ್ಗಿದೆ. ಇಷ್ಟು ವರ್ಷ ಸಿಗದ ದನಿ ತಾನಾಗಿ ಗಂಟಲಿಗೆ ಬಂತು. ಇಸ್ತ್ರಿ ಮಾಡಿದ ದನಿ.

"ಹವಾಮಾನ ವರದಿ. ಮೇಜು ಹದಿನೇಳರಲ್ಲಿ, ಒಂದು ಕನ್ನಡಕದ ಕೆಳಭಾಗದಿಂದ, ಪ್ರಬಲವಾದ ಗಾಳಿ ಬೀಸುತ್ತಿದೆ."

ಇಯೊಂಗ್‌ನ ಉಸಿರು ನಿಂತಿತು. ತುಟಿ ಮಾತ್ರ ದುಂಡಗೇ ಉಳಿಯಿತು.

"ಎಂಟನೇ ನಂಬರ್ ಎಚ್ಚರಿಕೆ ಏರಿಸಲಾಗಿದೆ. ಸೇತುವೆಗಳನ್ನು ಮುಚ್ಚಲಾಗಿದೆ. ಶಾಲೆಗಳಿಗೆ ರಜೆ. ಇಸ್ಪೀಟಿನ ಚುಕ್ಕಿಗಳು ಸುರಕ್ಷಿತ ಸ್ಥಳದಲ್ಲಿ ಆಶ್ರಯ ಪಡೆಯಬೇಕು. ಗಾಳಿಯ ಮೂಲ... ಒಬ್ಬ ಸರ್ಕಾರಿ ನೌಕರ."

ಮೊದಲು ಅವನ ಗಲ್ಲ ಉಬ್ಬಿತು.

ಆಮೇಲೆ ಕಿವಿ ಕೆಂಪಾಯಿತು.

ಆಮೇಲೆ... ಅಣೆಕಟ್ಟು ಒಡೆಯಿತು!

"ಹ್ಹ... ಹ್ಹಾ... ಹ್ಹಾ ಹ್ಹಾ ಹ್ಹಾ!"

ಅಂಥ ನಗು ನಾನು ಕೇಳಿಲ್ಲ ಸ್ವಾಮಿ! ಕತ್ತೆ ಕಿರುಚಿದ ಹಾಗೆ ಶುರುವಾಗಿ ಹಡಗಿನ ಸೈರನ್‌ನಲ್ಲಿ ಮುಗಿಯಿತು. ಮೇಜು ಗುದ್ದಿದ. ಚಿಪ್ಸ್ ಗೋಪುರ ಕುಸಿಯಿತು. ಪಕ್ಕದ ಮೇಜಿನವರು ಎದ್ದು ನಿಂತರು. ಲಾವ್ ಗಾಬರಿಯಲ್ಲಿ ಎಲೆ ಬಿಟ್ಟುಬಿಟ್ಟ. ಅದು ಅಂಗಾತ ಬಿತ್ತು.

ಐದು!

ನಟ್ಟನಡುವೆ ಕೆಂಪು ಚುಕ್ಕಿ, ಹಣೆಗೆ ಕುಂಕುಮ ಇಟ್ಟ ಹಾಗೆ.

ಲಾವ್ ಅತ್ತ. ಇಯೊಂಗ್ ನಕ್ಕ. ಡೀಲರ್ ಇಬ್ಬರೂ ಕಟ್ಟಿದ್ದ ಚಿಪ್ಸನ್ನು ಸಮಭಾವದಿಂದ ಬಾಚಿಕೊಂಡಳು. ಹನ್ನೆರಡು ಐವತ್ತೆಂಟು.

ಇಯೊಂಗ್ ಕಣ್ಣೊರೆಸಿಕೊಂಡು ನೋಟ್‌ಬುಕ್ ತೆಗೆದ. ಬರೆದ. 'ನಿಯಮ ಏಳು. ಮುರಿಯಿತು. 12.58.' ಹಿಂದಿನ ಪುಟದಿಂದ ಮಡಚಿದ ಒಂದು ಅರ್ಜಿ ತೆಗೆದ. ಇನ್ನು ಮುಂದೆ ನನ್ನನ್ನು ಯಾವ ಕ್ಯಾಸಿನೊಗೂ ಬಿಡಬೇಡಿ ಎಂದು ಸರ್ಕಾರಕ್ಕೆ ಕೊಡುವ ಅರ್ಜಿ! ಎಲ್ಲ ತುಂಬಿಸಿಟ್ಟಿದ್ದ. ಸಹಿ ಮಾತ್ರ ಬಾಕಿ.

"ನಿಯಮ ಒಂಬತ್ತು," ಅಂದ. "ಅರ್ಜಿ ಸದಾ ಸಿದ್ಧವಾಗಿರಬೇಕು."

ಸಹಿ ಹಾಕಿದ. ಉಳಿದ ಚಿಪ್ಸ್ ಬಾಚಿಕೊಂಡು ಎದ್ದ. ಮತ್ತೆ ನಗು ಬಂತು. ಮತ್ತೆ ಕೂತ.

ಲಾವ್ ನನ್ನ ಕಾಲರ್ ಹಿಡಿದ. "ನೀನೇ ತಟ್ಟಿದ್ದು! ಈ ದೋಷ ನೀನೇ ತೆಗಿ! ಇಲ್ಲಾಂದ್ರೆ ನಾಳೆ ಆ ಕೈನ..."

"ಮುರಿ ಲಾವಣ್ಣ," ಅಂದೆ. "ಆದ್ರೆ ಒಂದು ವಿಷಯ. ತಟ್ಟಿದ ಕೈಯೇ ತೆಗೀಬೇಕು. ಕೈ ಮುರಿದ್ರೆ ತಟ್ಟಿದ್ದು ಹಾಗೇ ನಿಂತುಬಿಡುತ್ತೆ. ಸಾಯೋವರೆಗೂ."

ಈ ಶಾಸ್ತ್ರ ಹುಟ್ಟಿ ಆಗಿನ್ನೂ ಮೂರು ಸೆಕೆಂಡ್ ಆಗಿತ್ತು.

ಲಾವ್‌ನ ಕೈ ಕಾಲರಿನಿಂದ ಜಾರಿತು. ಕಾಲರನ್ನು ಸರಿಯಾಗಿ ಮಡಚಿಯೂ ಕೊಟ್ಟ. "ಯಾ... ಯಾವಾಗ ತೆಗೀತೀಯಪ್ಪಾ?"

"ಮುಂದಿನ ವರ್ಷ. ಮೂರನೇ ದಿನ. ಅಲ್ಲೀತನಕ ಕೈನ ಹುಷಾರಾಗಿ ನೋಡ್ಕೋಬೇಕು."

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ನನ್ನ ಮನೆಯ ಬೆಲ್ ಆಯಿತು. ಕುಂಬಳ! ಕೈಯಲ್ಲಿ ಕಬ್ಬಿಣದ ರಾಡ್ ಇರಲಿಲ್ಲ. ಚರ್ಮದ ಕೈಗವಸು ಇತ್ತು. ಒಂದೇ. ಬಲಗೈಯದು.

ಅದಿರಲಿ. ಆವತ್ತಿಗೇ ಬರೋಣ.

ಟೀ ಅಂಗಡಿಯಲ್ಲಿ ಅತ್ತಿಗೆ ಗಂಡನ ಮುಖ ನೋಡಿದಳು. ಕಣ್ಣು ಊದಿತ್ತು, ಕನ್ನಡಕ ಸೊಟ್ಟಗಿತ್ತು.

"ಏನಾಯ್ತು ರೀ? ಅತ್ತಿರಾ?"

"ನಕ್ಕುಬಿಟ್ಟೆ ಕಣೇ."

ಅವಳು ಅವನ ಕೈಲಿದ್ದ ನೋಟ್‌ಬುಕ್ಕನ್ನು ಕೈಚೀಲಕ್ಕೆ ಹಾಕಿ ಜಿಪ್ ಎಳೆದಳು. ಆಮೇಲೆ ಮೆಲ್ಲಗೆ ಕೇಳಿದಳು. "ಇನ್ನೊಂದ್ಸಲ ನಗ್ತೀರಾ? ನಾನು ಕೇಳಿಸ್ಕೊಳ್ಳಲಿಲ್ಲ."

ಇಯೊಂಗ್ ನನ್ನನ್ನು ನೋಡಿದ. ಹೆಂಡತಿಯನ್ನು ನೋಡಿದ. ಲೆಕ್ಕ ಗೊತ್ತಿದ್ದವನಲ್ಲವೇ, ಕೂಡಿಸಿಕೊಂಡ.

"ಓಹೋ... ಎಲ್ಲ ನಿನ್ನ ಕಿತಾಪತಿನಾ?"

"ಹೂಂ."

"ದುಡ್ಡು ಕೊಟ್ಟು?"

"ಹಬ್ಬದ ಲಕೋಟೆ," ಅಂದೆ. "ದುಡ್ಡು ಅನ್ಬೇಡಿ ಸರ್."

ಅತ್ತಿಗೆ ಕೆಂಪು ಲಕೋಟೆ ಕೊಟ್ಟಳು. ಎರಡೂ ಕೈಯಲ್ಲಿ ತೆಗೆದುಕೊಂಡೆ.

"ಒಂದು ಪ್ರಶ್ನೆ," ಇಯೊಂಗ್ ಎದ್ದು ನಿಂತು ಕೇಳಿದ. "ಈ ಹೆಗಲು, ಬಾಗಿಲು, ಊದುವುದು... ಇದನ್ನೆಲ್ಲ ನೀನು ನಂಬ್ತೀಯಾ?"

"ನಾನಾ? ಹದಿನಾಲ್ಕು ವರ್ಷ ಎಲೆ ಹಂಚಿದವನು ಸರ್! ಎಲ್ಲಾ ಬರೀ ಬೊಗಳೆ!"

"ಭೇಷ್ ಕಣಯ್ಯಾ," ಎಂದು ಅವನು ಮೆಚ್ಚಿಕೊಂಡು, ಬಲಗೈ ಎತ್ತಿ, ನನ್ನ ಹೆಗಲ ಕಡೆಗೆ...

ನಾನು ಎರಡು ಗಜ ಹಿಂದೆ ಹಾರಿದೆ!

ಕುರ್ಚಿ ಉರುಳಿತು. ಹಾಲಿನ ಟೀ ನನ್ನ ಪ್ಯಾಂಟಿನ ಮೇಲೆ ಸುರಿಯಿತು. ಬೆನ್ನು ಗೋಡೆಗೆ ಬಡಿದು ಅಲ್ಲೇ ಅಂಟಿಕೊಂಡಿತು.

ಮೊದಲು ಅತ್ತಿಗೆ ನಕ್ಕಳು. ಅಡುಗೆಯವನು ನಕ್ಕ. ಎಲ್ಲರಿಗಿಂತ ಜೋರಾಗಿ, ಕತ್ತೆಯಿಂದ ಶುರುವಾಗಿ ಹಡಗಿನವರೆಗೂ, ನಕ್ಕವನು ಇಯೊಂಗ್ ವೈ ಕಿಟ್. ಇಪ್ಪತ್ತಾರು ವರ್ಷದ ನಗುವನ್ನೆಲ್ಲ ಹೆಂಡತಿಗೆ ಒಂದೇ ಕಂತಿನಲ್ಲಿ ಸಲ್ಲಿಸಿದ. ಅದೂ ನನ್ನ ಖರ್ಚಿನಲ್ಲಿ!

ಗೋಡೆಗೆ ಬೆನ್ನು ಒರೆಸಿಕೊಂಡೇ ಬಾಗಿಲವರೆಗೂ ಸರಿದೆ. ಲಕೋಟೆಯನ್ನು ಮಾತ್ರ ಕೈ ಬಿಡಲಿಲ್ಲ.

ಹೆಗಲನ್ನೂ ಕೊಡಲಿಲ್ಲ.